ಬತ್ತಾಸಿನ ನಾತ

ನಮ್ಮ ಮನೆಯ ಮೊಲ ನಾರುತ್ತಿದೆ ಎಂಬ ಸುದ್ದಿಯನ್ನು ನನಗೆ ಮೊದಲು ಮುಟ್ಟಿಸಿದವಳು ಹಾಲು ಹಾಕುವ ಹೊನ್ನಿ. ಬಾಯಿಬಿಟ್ಟು ಹೇಳಲಿಲ್ಲ. ಹೊಸ್ತಿಲವರೆಗೆ ಬಂದವಳು ಸೆರಗನ್ನು ಮೂಗಿಗೆ ಒತ್ತಿಕೊಂಡು, ಹಾಲು ಸುರಿದು, ಸರಸರನೆ ಹಿಂದೆ ಸರಿದಳು. ನಾನು ಸುಮ್ಮನಿರುವವಳೇ? "ಏನೇ ಅದು, ಮುಖ ಹಂಗೆ ಮಾಡ್ಕೊಂಡು?" ಎಂದು ಕೂಗಿದೆ. ಅವಳು ಗೇಟಿನ ಆಚೆ ನಿಂತು, "ಅಕ್ಕ, ನಿಮ್ಮ ಬತ್ತಾಸು ನಾರ್ತೈತೆ. ನಾನು ಯಾರ್ಗೂ ಹೇಳಕಿಲ್ಲ ಬುಡಿ" ಎಂದಳು. ಹೊನ್ನಿ ಯಾರಿಗೂ ಹೇಳುವುದಿಲ್ಲ ಎಂದರೆ ಹತ್ತು ಗಂಟೆಯೊಳಗೆ ಇಡೀ ಬೀದಿಗೆ ಗೊತ್ತಾಗುತ್ತದೆ ಎಂದೇ ಅರ್ಥ.

ನಮ್ಮೂರಿನಲ್ಲಿ ಮನೆಮನೆಯ ಹೊಸ್ತಿಲ ಪಕ್ಕದಲ್ಲೂ ಮೊಲದ ಗೂಡು ಇರುತ್ತದೆ. ಮೊಲಕ್ಕೆ ಸ್ವಂತದ್ದು ಅಂತ ವಾಸನೆ ಇಲ್ಲ. ಮನೆಯವರು ಬಾಯಿಬಿಟ್ಟು ಆಡದೆ ಒಳಗೇ ಇಟ್ಟುಕೊಂಡು ಕುದಿದದ್ದು ಮೊಲದ ಮೈಯಿಂದ ವಾಸನೆಯಾಗಿ ಏಳುತ್ತದೆ. ನುಂಗಿಕೊಂಡ ಜಗಳಕ್ಕೆ ಸೀದ ಹಾಲಿನ ವಾಸನೆ. ಹೇಳಿಕೊಳ್ಳದ ಪ್ರೀತಿಗೆ ಹಸಿ ಸೀಬೆಕಾಯಿಯದು. ಹೊಟ್ಟೆಕಿಚ್ಚಿಗೆ ಹುಳಿ ಹೆಚ್ಚಾದ ಇಡ್ಲಿ ಹಿಟ್ಟಿನದು. ಮನೆಗೆ ಬಂದವರು ಚಪ್ಪಲಿ ಬಿಟ್ಟು, ಮೊಲದ ಬೆನ್ನು ಸವರಿ, ಬೆರಳನ್ನು ಮೂಗಿನ ಹತ್ತಿರ ತಂದುಕೊಂಡು ಆಮೇಲೆ ಒಳಗೆ ಬರುತ್ತಾರೆ. ಮರ್ಯಾದಸ್ಥರಾದರೆ ತಲೆ ಕೆರೆದುಕೊಳ್ಳುವವರ ಹಾಗೆ ನಟಿಸುತ್ತ ಮೂಸುತ್ತಾರೆ, ಅಷ್ಟೇ ವ್ಯತ್ಯಾಸ. ಹೆಣ್ಣು ನೋಡಲು ಬಂದವರಂತೂ ಹುಡುಗಿಯ ಮುಖಕ್ಕಿಂತ ಮೊದಲು ಮೊಲದ ಕಿವಿಯ ಹಿಂದೆ ಮೂಗಿಡುತ್ತಾರೆ. ವಾಸನೆ ಬಂದರೆ ತಪ್ಪಲ್ಲ, ಸಂಸಾರ ಅಂದಮೇಲೆ ಬಂದೇ ಬರುತ್ತದೆ. ಮನೆಯವರು ಕೂತು ಮಾತಾಡಿಕೊಂಡರೆ ಎರಡು ದಿನದಲ್ಲಿ ಹೋಗುತ್ತದೆ. ಆದರೆ ಒಂಬತ್ತು ದಿನವಾದರೂ ಹೋಗಲಿಲ್ಲವೋ, ಬೀದಿಯ ಪಾರುಪತ್ತೇಗಾರ ಬಿದಿರುಬುಟ್ಟಿ ತಂದು ಮೊಲವನ್ನು ಹೊಳೆಯ ಆಚೆ ದಡಕ್ಕೆ ಬಿಟ್ಟುಬರುತ್ತಾನೆ. ಆಚೆ ದಡದಲ್ಲಿ ನರಿಗಳಿವೆ. ಅಲ್ಲಿಂದ ವಾಪಸು ಬಂದ ಮೊಲವನ್ನು ನಾನಂತೂ ಕಂಡಿಲ್ಲ.

ಇಷ್ಟು ವರ್ಷ ನನಗೆ ಆ ಬುಟ್ಟಿಯ ಚಿಂತೆಯೇ ಇರಲಿಲ್ಲ. ನಮ್ಮ ಬತ್ತಾಸು ಬೀದಿಗೆಲ್ಲ ಮಾದರಿ ಮೊಲ. ಆರು ವರ್ಷದಲ್ಲಿ ಒಂದು ದಿನವೂ ಅದರ ಮೈಯಿಂದ ಏನೂ ಬಂದಿರಲಿಲ್ಲ. "ಸುಭದ್ರಮ್ಮನ ಸಂಸಾರ ಅಂದ್ರೆ ಸಂಸಾರ" ಎಂದು ಜನ ಅನ್ನುವಾಗ ನಾನು ಬಿಂಕದಿಂದ ಸೆರಗು ಸರಿಪಡಿಸಿಕೊಳ್ಳುತ್ತಿದ್ದೆ. ಅದಿರಲಿ, ನನಗೆ ಅದು ಬರೀ ಹೊಸ್ತಿಲ ಮೊಲವಾಗಿರಲಿಲ್ಲ. ನಾನು ರವಿಕೆ ಹೊಲಿಯುವವಳು, ದಿನವಿಡೀ ಮಿಷನ್ನಿನ ಮುಂದೆ ಕೂರುವವಳು. ಬತ್ತಾಸು ಬಂದು ನನ್ನ ಎಡಗಾಲ ಮೇಲೆ ಹೊಟ್ಟೆಯಿಟ್ಟು ಮಲಗುತ್ತಿತ್ತು. ಮಿಷನ್ ನಿಂತರೆ ತಲೆಯೆತ್ತಿ, ಯಾಕೆ ನಿಲ್ಲಿಸಿದೆ ಅನ್ನುವ ಹಾಗೆ ನೋಡುತ್ತಿತ್ತು. ನನಗೆ ಮಕ್ಕಳಿಲ್ಲ. ಅದು ನನ್ನ ಹೊಟ್ಟೆಯಲ್ಲಿ ಹುಟ್ಟಲಿಲ್ಲ, ಅಷ್ಟೇ.

ಹೊನ್ನಿ ಹೋದ ಕೂಡಲೇ ಅದನ್ನೆತ್ತಿ ಮೂಸಿದೆ. ಅಯ್ಯೋ ದೇವರೇ! ಸೀದ ಹಾಲೂ ಅಲ್ಲ, ಸೀಬೆಕಾಯಿಯೂ ಅಲ್ಲ. ಮೂಟೆಯ ತಳದಲ್ಲಿ ಕೊಳೆತ ಆಲೂಗಡ್ಡೆ ಕೈಗೆ ಪಿಚಕ್ಕನೆ ಸಿಕ್ಕಾಗ ಬರುತ್ತದಲ್ಲ, ಅಂಥ ನಾತ. ಸಂಜೆಗೆ ಪಾರುಪತ್ತೇಗಾರ ಕರಿಬಸಯ್ಯ ಬಂದೇಬಿಟ್ಟರು. ಅರವತ್ತು ದಾಟಿದ ಮನುಷ್ಯ. ನಶ್ಯ ಹಾಕಿದರೆ ಮೂಗು ಕೆಡುತ್ತದೆ ಎಂದು ಹಾಕುವುದಿಲ್ಲ, ಬಾಯಿತುಂಬ ಹೊಗೆಸೊಪ್ಪು ಮಾತ್ರ. ಮೊಲದ ಬೆನ್ನು ಮೂಸಿ, ಕಣ್ಣು ಮುಚ್ಚಿ, ಮತ್ತೆ ಮೂಸಿ, "ತಾಯಿ, ನಲವತ್ತೆರಡು ವಾಸನೆ ನನಗೆ ಬಾಯಿಪಾಠ. ಇದು ಅದ್ರಲ್ಲಿಲ್ಲ. ಭಾರಿ ಏನೋ ಮುಚ್ಚಿಟ್ಟಿದೀರಿ" ಎಂದರು. "ನಾವೇನು ಮುಚ್ಚಿಡ್ತೀವಿ ಸ್ವಾಮಿ, ಮೂರು ಜನ, ಎರಡು ಕೋಣೆ" ಎಂದೆ. "ಮುಚ್ಚಿಡೋಕೆ ಕೋಣೆ ಬೇಕಾ? ಇವತ್ತಿಗೆ ಒಂದನೇ ದಿನ" ಎಂದು ಹೊರಟುಹೋದರು.

ಆಮೇಲಿನ ನಾಲ್ಕು ದಿನ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಸೀಗೆಪುಡಿ ಹಾಕಿ ತಿಕ್ಕಿದೆ. ಕಡಲೆಹಿಟ್ಟು ಹಾಕಿ ತಿಕ್ಕಿದೆ. ಸಾಂಬ್ರಾಣಿ ಹಾಕಿದೆ, ಬೇವಿನ ಹೊಗೆ ಕೊಟ್ಟೆ. ಪಾಪದ ಪ್ರಾಣಿ ಒದ್ದೆಮುದ್ದೆಯಾಗಿ ಗಡಗಡ ನಡುಗುತ್ತ ಮೂಲೆ ಸೇರಿತು. ಮುಂದಿಟ್ಟ ಗಜ್ಜರಿಯನ್ನು ಮೂಸಿ ಬಿಟ್ಟಿತು. ಹಾಲಿನಲ್ಲಿ ನೆನೆಸಿದ ಬಿಸ್ಕತ್ತು ಕೊಟ್ಟರೆ ಮಾತ್ರ ಒಂದಿಷ್ಟು ನೆಕ್ಕಿತು. ಮನೆಯ ಗುಟ್ಟು ಅದರ ಮೇಲೆ ಭಾರವಾಗಿ ಕೂತಿದೆ ಎಂದೇ ನಾನು ತಿಳಿದೆ. ಐದನೆಯ ದಿನ ಕರಿಬಸಯ್ಯ ಮತ್ತೆ ಬಂದು ಮೂಸಿದರು. "ಹೆಚ್ಚಾಗಿದೆ. ಹೊರಗೆ ತೊಳೆದ್ರೆ ಏನು ಬಂತು? ಬಾಯಿ ಬಿಡಿ" ಎಂದರು. ಅವರ ಮಾತು ಸರಿಯಾಗಿಯೇ ಇತ್ತು, ಯಾರ ಬಾಯಿ ಎಂಬುದೊಂದು ತಪ್ಪಿತ್ತು. ಅದು ಆಗ ಯಾರಿಗೆ ಹೊಳೆಯಬೇಕು?

ಆರನೆಯ ದಿನ ನಮ್ಮ ಯಜಮಾನರು ವಾಮನರಾಯರು ಕೆಲಸಕ್ಕೆ ರಜೆ ಹಾಕಿದರು. ಅವರದು ಊರಿನ ನೀರಿನ ಟ್ಯಾಂಕಿನ ವಾಲ್ವು ತಿರುಗಿಸುವ ಕೆಲಸ, ಅವರ ಸ್ವಭಾವವೂ ಹಾಗೆಯೇ, ಮಾತನ್ನು ಬೇಕಾದಷ್ಟು ಮಾತ್ರ ಬಿಡುತ್ತಾರೆ. ಮೂವರೂ ನಡುಮನೆಯಲ್ಲಿ ಕೂತೆವು. ಮೂವರು ಅಂದರೆ ನಾವಿಬ್ಬರು, ಜೊತೆಗೆ ನಮ್ಮತ್ತೆ ತಿರುಮಲಮ್ಮ. ಅತ್ತೆಗೆ ಆರು ವರ್ಷದಿಂದ ಕಿವಿ ಕೇಳುವುದಿಲ್ಲ. ಆದರೂ ಮನೆಯವರೆಲ್ಲ ಇರಬೇಕೆಂಬುದು ಪದ್ಧತಿ ಎಂದು ಕೈಸನ್ನೆ ಮಾಡಿ ಕರೆದು ಕೂರಿಸಿದ್ದೆವು. ಬತ್ತಾಸು ನಡುವೆ ಚಾಪೆಯ ಮೇಲೆ ಮುದುಡಿಕೊಂಡಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಜಮಾನರು ಆಗಲೇ ಮೂರು ಸಲ ಕನ್ನಡಕ ಒರೆಸಿದ್ದರು.

"ನಂದೇ ಇರಬೇಕು ಸುಭದ್ರಾ," ಎಂದರು ಕಡೆಗೆ. "ನಿನ್ನ ಡಬ್ಬಿ ಊಟ ನಾನು ತಿಂತಿಲ್ಲ."

"ಇವತ್ತಾ?"

"ಹನ್ನೊಂದು ವರ್ಷದಿಂದ. ಪಂಪ್‌ಹೌಸಿನ ಡೇವಿಡ್ ತಿಂತಾನೆ. ಅವನ ಡಬ್ಬಿ ನಾನು ತಿಂತೀನಿ. ನೀನು ಎಲ್ಲದಕ್ಕೂ ಇಂಗು ಜಾಸ್ತಿ ಹಾಕ್ತೀಯ. ಅವನಿಗೆ ಅದೇ ಇಷ್ಟ."

ನನ್ನ ಮೈ ಉರಿದುಹೋಯಿತು. ಹನ್ನೊಂದು ವರ್ಷ ಪ್ರತಿ ಸಂಜೆ "ಹುಳಿ ಚೆನ್ನಾಗಿತ್ತು ಕಣೇ" ಎಂದು ಹೇಳುತ್ತಿದ್ದರಲ್ಲ! "ಹಾಗಾದ್ರೆ ಚೆನ್ನಾಗಿತ್ತು ಅಂತಿದ್ರಲ್ಲ, ಅದು?" ಎಂದೆ. "ಡೇವಿಡ್ ಹೇಳ್ತಿದ್ದ. ಅದನ್ನೇ ನಿಂಗೆ ಹೇಳ್ತಿದ್ದೆ. ಸುಳ್ಳು ಹೇಳಿಲ್ಲ" ಎಂದರು. ನನಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಬಗ್ಗಿ ಮೊಲವನ್ನು ಮೂಸಿದೆ. ನಾತ ಹಾಗೇ ಇತ್ತು. ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಇನ್ನು ಉಳಿದವಳು ನಾನು.

ಹೇಳಬಾರದೆಂದು ಪಣ ತೊಟ್ಟಿದ್ದೆ, ಆದರೆ ಬತ್ತಾಸಿನ ಬೆನ್ನಿನ ಮೂಳೆ ಎದ್ದು ಕಾಣುತ್ತಿತ್ತು. "ನಂದೂ ಒಂದಿದೆ," ಎಂದೆ. "ದಿನಾ ಬೆಳಿಗ್ಗೆ ನಿಮ್ಮಮ್ಮನಿಗೆ ತಲೆ ಬಾಚುವಾಗ, ಹೇಗೂ ಕೇಳಲ್ಲ ಅಂತ, ಬಾಯಿಗೆ ಬಂದಿದ್ದು ಅಂತೀನಿ. ಊರವರನ್ನ ಬೈತೀನಿ, ನಿಮ್ಮನ್ನ ಬೈತೀನಿ, ಅವರನ್ನೂ ಬೈತೀನಿ. ಇನ್ನೆಷ್ಟು ವರ್ಷ ಇರ್ತೀಯ ಮುದುಕಿ, ನೀನು ಹೋದ್ರೆ ಈ ಕೋಣೇಲಿ ಬೆಳಕಿಗೆ ನನ್ನ ಮಿಷನ್ ಹಾಕ್ಕೋತೀನಿ ಅಂತಲೂ ಅಂದಿದೀನಿ." ಹೇಳುತ್ತ ಹೇಳುತ್ತ ಅಳು ಬಂದುಬಿಟ್ಟಿತು.

"ಗೊತ್ತು," ಎಂದರು ನಮ್ಮತ್ತೆ.

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದಿತ್ತೇ! ಯಜಮಾನರು, "ಅಮ್ಮಾ, ಕೇಳ್ಸುತ್ತಾ?" ಎಂದು ಚೀರಿದರು. "ಮೆಲ್ಲಗೆ ಹೇಳೋ, ಕಿವಿ ತೂತು ಬೀಳುತ್ತೆ" ಎಂದರು ಅತ್ತೆ. ಆಮೇಲೆ ನನ್ನ ಕಡೆ ನೋಡದೆ, ಸೀರೆಯ ಅಂಚು ಮಡಚುತ್ತ ಹೇಳಿದರು: "ಮೊದಲು ನಿಜವಾಗ್ಲೂ ಕಟ್ಟಿತ್ತು, ಒಂದು ಹದಿನೈದು ದಿನ. ನೀನು ಈ ಮನೆಗೆ ಬಂದು ಹದಿನೆಂಟು ವರ್ಷ ಆಗಿತ್ತಲ್ಲೇ, ಹೂಂ ಉಹೂಂ ಬಿಟ್ಟು ನನ್ನ ಹತ್ರ ಮಾತಾಡಿದ್ದಿಲ್ಲ. ಕಿವಿ ಕಟ್ಟಿದ ಮೇಲೆ ಶುರು ಮಾಡ್ದೆ. ಏನೋ ಹೇಳ್ತಿದೀಯ ಅಂತ ಬೆನ್ನಿಗೆ ಗೊತ್ತಾಗ್ತಿತ್ತು. ಒಂದಿನ ಬೆಳಿಗ್ಗೆ ಟಪ್ ಅಂತ ಕಿವಿ ಬಿಡ್ತು. ನೀನು ಆಗ ಆ ಉಳೀದೇ ಹೋದ ಮಗು ವಿಷಯ ಹೇಳ್ತಿದ್ದೆ. ಕೇಳ್ಸುತ್ತೆ ಅಂದ್ರೆ ನಿಲ್ಸಿಬಿಡ್ತೀಯ ಅಂತ ಸುಮ್ನಿದ್ದೆ."

ಆ ದಿನ ನನಗೆ ನೆನಪಿತ್ತು. ಐದು ತಿಂಗಳಿಗೆ ಹೋದ ಮಗುವಿನ ಮಾತನ್ನು ನಾನು ಯಜಮಾನರ ಹತ್ತಿರವೂ ಆಡಿದವಳಲ್ಲ. ಅವತ್ತು ಅತ್ತೆ ಹೊಟ್ಟೆ ಸರಿಯಿಲ್ಲವೆಂದು ಮಧ್ಯಾಹ್ನ ಊಟ ಮಾಡಿರಲಿಲ್ಲ. ವಯಸ್ಸಾದವರ ರಗಳೆ ಎಂದು ನಾನು ಗೊಣಗಿಕೊಂಡೇ ತಟ್ಟೆ ಎತ್ತಿಟ್ಟಿದ್ದೆ. ಈಗ ಅವರ ಮುಖ ನೋಡಲಾಗದೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಂದೇ ಸಮಾಧಾನ, ಇಷ್ಟೆಲ್ಲ ಹೊರಬಿದ್ದ ಮೇಲೆ ಬೆಳಿಗ್ಗೆಗೆ ನಾತ ಹೋಗಿರುತ್ತದೆ.

ಹೋಗಿರಲಿಲ್ಲ. ಏಳನೆಯ ದಿನ ಇನ್ನೂ ಜೋರಾಗಿತ್ತು. ಇದ್ದ ಮಾನ ಕಳೆದುಕೊಂಡದ್ದೂ ಆಯಿತು, ಮೊಲವನ್ನು ಉಳಿಸಿಕೊಳ್ಳುವ ದಾರಿಯೂ ಕಾಣಲಿಲ್ಲ. ಯಜಮಾನರು ನೆನಪಿಸಿಕೊಂಡು ನೆನಪಿಸಿಕೊಂಡು ಎರಡನೇ ಕ್ಲಾಸಿನಲ್ಲಿ ಕದ್ದ ಬಳಪವನ್ನೂ ಒಪ್ಪಿಕೊಂಡರು. ಎಂಟನೆಯ ದಿನ ಬೆಳಿಗ್ಗೆ ನಾನು ಮಿಷನ್ ಮುಂದೆ ಕೂತು ಹೊಲಿಯದೆ ಅಳುತ್ತಿದ್ದೆ. ಬತ್ತಾಸು ಕಾಲ ಮೇಲೆ ಬರಲಿಲ್ಲ. ಅತ್ತೆ ಬಂದು ಅದನ್ನು ಮಡಿಲಿಗೆ ಎತ್ತಿಕೊಂಡರು. ಎರಡು ದಿನದಿಂದ ನಾನು ಅವರ ಜೊತೆ ಒಂದು ಮಾತೂ ಆಡಿರಲಿಲ್ಲ.

"ಇದರ ಗಲ್ಲ ನೋಡು. ಯಾವಾಗ್ಲೂ ಒದ್ದೆ," ಎಂದರು. "ಮುಂಗಾಲೂ ಅಂಟಂಟು. ಬಾಯಿ ಒರೆಸ್ಕೊಂಡು ಒರೆಸ್ಕೊಂಡು ಹಿಂಗಾಗಿದೆ. ಬಿಸ್ಕತ್ತೂ ಒಂದೇ ಕಡೆ ಅಗೀತಿತ್ತು, ನಾನು ಒಂದು ತಿಂಗಳಿಂದ ನೋಡ್ತಿದೀನಿ." ದವಡೆಯ ಎಡಗಡೆ ಬೆರಳೊತ್ತಿದರು. ಬತ್ತಾಸು ಕಿರ್ರ್ ಎಂದು ಹಲ್ಲು ಕಡಿದು ಜಿಗಿಯಿತು. ಅತ್ತೆ ನನ್ನ ಮುಖ ನೋಡಿದರು. "ನಮ್ಮಪ್ಪನ ದವಡೆ ಹಲ್ಲು ಕೆಟ್ಟಾಗ ಬಾಯಿ ಹಿಂಗೇ ನಾರ್ತಿತ್ತು ಕಣೇ. ಮೊಲಕ್ಕೆ ಹಲ್ಲು ನೋವು!"

ಕೇಳಿ, ನನ್ನ ವಯಸ್ಸು ನಲವತ್ತೈದು. ಹುಟ್ಟಿದಾಗಿನಿಂದ ಮೊಲಗಳ ಜೊತೆಯಲ್ಲೇ ಬೆಳೆದವಳು. ಸಾವಿರ ಸಲ ಮೊಲದ ಬೆನ್ನು ಮೂಸಿದ್ದೇನೆ. ಒಂದು ಸಲವಾದರೂ ಅದರ ಬಾಯಿ ಬಿಡಿಸಿ ನೋಡಿರಲಿಲ್ಲ. ನಾನೊಬ್ಬಳೇ ಅಲ್ಲ, ಊರಿನಲ್ಲಿ ಯಾರೂ ನೋಡಿರಲಿಲ್ಲ. ಮೊಲಕ್ಕೆ ತನ್ನದೇ ವಾಸನೆ ಇರಬಹುದು, ತನ್ನದೇ ನೋವಿರಬಹುದು ಎಂದು ನಮಗೆ ಹೊಳೆದಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾವು ಎಂಟು ದಿನ ಒಬ್ಬರಿಗೊಬ್ಬರು ಬರೆ ಹಾಕಿಕೊಂಡು ಕೂತಿದ್ದೆವು.

ದನದ ಆಸ್ಪತ್ರೆಗೆ ಹೊರ ಊರಿನಿಂದ ಹೊಸದಾಗಿ ಡಾಕ್ಟರು ಬಂದಿದ್ದರು, ಜುಬೇದಾ ಎಂದು ಹೆಸರು. ಅತ್ತೆ ಮೊಲವನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಮುಂದೆ ಮುಂದೆ ನಡೆದರು. ಡಾಕ್ಟರು ಸಣ್ಣ ಟಾರ್ಚು ಬಿಟ್ಟು ಅದರ ಬಾಯೊಳಗೆ ನೋಡಿ, ನನ್ನನ್ನು ನೋಡಿ, "ಏನು ಕೊಡ್ತೀರಿ ಇದಕ್ಕೆ ತಿನ್ನೋಕೆ?" ಎಂದರು. ಬಿಸ್ಕತ್ತು, ಮಂಡಕ್ಕಿ, ಮೊಸರನ್ನ ಎಂದೆ. ಹೆಮ್ಮೆಯಿಂದಲೇ ಹೇಳಿದೆನೆನ್ನಿ. "ಇದೇನು ನಿಮ್ಮ ಅಳಿಯನೇನ್ರೀ?" ಎಂದು ರೇಗಿದರು. "ಮೊಲದ ಹಲ್ಲು ಬದುಕಿರೋವರೆಗೂ ಬೆಳೀತಾ ಇರುತ್ತೆ. ಹುಲ್ಲು ಅಗಿದ್ರೆ ಸವೀಬೇಕು. ಮೆತ್ತಗಿದ್ದಿದ್ದೇ ತಿನ್ನಿಸಿ ಹಲ್ಲು ವಾರೆಯಾಗಿ ಬೆಳೆದು ಕೆನ್ನೆಗೆ ಚುಚ್ಚಿದೆ. ಒಳಗೆ ಕೀವು ತುಂಬಿದೆ. ಮೈಯೆಲ್ಲ ಯಾಕೆ ಹಿಂಗೆ ಒರಟಾಗಿದೆ? ಸ್ನಾನ ಮಾಡಿಸಿದ್ರಾ? ಸತ್ತುಹೋಗಿದ್ರೆ?" ನಾನು ತಲೆ ಬಗ್ಗಿಸಿ ಬೈಸಿಕೊಂಡೆ. ಮದ್ದು ಕೊಟ್ಟು ಮಲಗಿಸಿ, ಹಲ್ಲಿನ ಚೂರು ಕತ್ತರಿಸಿ, ಕೀವು ತೆಗೆದರು. ಅಷ್ಟು ಹೊತ್ತೂ ಹೊರಗಿನ ಬೆಂಚಿನ ಮೇಲೆ ನನ್ನ ಜೀವ ನನ್ನಲ್ಲಿರಲಿಲ್ಲ. ಅತ್ತೆ ಪಕ್ಕದಲ್ಲೇ ಕೂತಿದ್ದರು. ಬತ್ತಾಸು ಮಂಪರಿನಲ್ಲಿ ಕಿವಿ ಅಲ್ಲಾಡಿಸಿದಾಗ ಡಾಕ್ಟರು ಹಲ್ಲಿನ ಚೂರನ್ನು ಹತ್ತಿಯಲ್ಲಿ ಸುತ್ತಿ ಅತ್ತೆಯ ಕೈಗಿಟ್ಟರು.

ಒಂಬತ್ತನೆಯ ದಿನ ಕರಿಬಸಯ್ಯ ಬುಟ್ಟಿಯೊಂದಿಗೆ ಬಂದರು. ಗೇಟಿನ ಆಚೆ ಹೊನ್ನಿ, ಅವಳ ಹಿಂದೆ ಅರ್ಧ ಬೀದಿ. ಬೆನ್ನು ಮೂಸಿದರು. "ನಾತ ಕಮ್ಮಿಯಾಗಿದೆ, ಹೋಗಿಲ್ಲ. ಬೇರೆ ಏನೋ ಘಾಟು ಬೇರೆ." ಅದು ಔಷಧಿ, ಮೊಲಕ್ಕೆ ಹಲ್ಲು ಕೆಟ್ಟಿತ್ತು ಎಂದೆ. "ಮೊಲಕ್ಕೆ ತನ್ನದು ಅಂತ ವಾಸನೆ ಇರಲ್ಲ ತಾಯಿ" ಎಂದರು. ಕೆನ್ನೆಯ ಊತ ತೋರಿಸಿದೆ, ಡಾಕ್ಟರ ಚೀಟಿ ತೋರಿಸಿದೆ. ಊಹೂಂ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಬುಟ್ಟಿಯ ಮುಚ್ಚಳ ತೆಗೆದು ಕೈ ಮುಂದೆ ಚಾಚಿದರು. ನಾನು ಬತ್ತಾಸನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಆತುಕೊಂಡೆ. "ಬೇಕಾದ್ರೆ ನನ್ನನ್ನೂ ಆಚೆ ದಡಕ್ಕೆ ಬಿಟ್ಟುಬನ್ನಿ" ಎಂದೆ.

ಆಗ ನಮ್ಮತ್ತೆ ಎದ್ದುಬಂದು, ಹತ್ತಿಯನ್ನು ಬಿಚ್ಚಿ ಕರಿಬಸಯ್ಯನವರ ಮೂಗಿನ ಕೆಳಗೇ ಹಿಡಿದರು. "ಮೂಸು," ಎಂದರು. ಅವರು ಮೂಸಿ ಮುಖ ಕಿವುಚಿ ಹಿಂದೆ ಸರಿದರು. "ಇದು ಮೊಲವಾ? ಮನೆಯಾ? ಸಂಸಾರವಾ? ಉಗುರಿನಷ್ಟು ಹಲ್ಲು ಕಣಯ್ಯಾ. ಎಲ್ಲಿ, ನಿನ್ನ ಬಾಯಿ ತೆಗಿ ನೋಡೋಣ, ಅದೇನು ಮಲ್ಲಿಗೆ ಘಮವಾ? ಹಂಗಂತ ನಿನ್ನ ಮನೆಯವರು ನಿನ್ನ ಬುಟ್ಟಿಗೆ ಹಾಕ್ಕೊಂಡು ಹೋಗಿ ಬಿಟ್ಟುಬಂದಿದಾರಾ?" ಗೇಟಿನ ಹತ್ತಿರ ಎಲ್ಲರೂ ಕಿಸಕ್ಕೆಂದರು. ಕರಿಬಸಯ್ಯ ನಗಲಿಲ್ಲ, ರೇಗಲೂ ಇಲ್ಲ. ಹತ್ತಿಯನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ಮೂಸಿದರು. ಆಮೇಲೆ ಜಗಲಿಯ ಮೇಲೆ ಕುಸಿದು ಕೂತರು.

"ಪಟ್ಟಿಯಲ್ಲಿಲ್ಲದ ನಾತ ಅಂತ ಹನ್ನೆರಡು ಬಿಟ್ಟುಬಂದಿದೀನಿ, ತಾಯಿ," ಎಂದರು. "ಒಂದು ಬುಟ್ಟಿಯಿಂದ ಇಳೀಲೇ ಇಲ್ಲ. ನನ್ನ ಕೈ ನೆಕ್ತಾ ಕೂತಿತ್ತು. ಅವಕ್ಕೂ ಹಿಂಗೇ..." ಹೊನ್ನಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಹೋದ ವರ್ಷ ಹೋದದ್ದರಲ್ಲಿ ಅವಳ ಮೊಲವೂ ಒಂದು. ಅತ್ತೆ ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು. ಕರಿಬಸಯ್ಯ ಕುಡಿದು, ಬುಟ್ಟಿಯನ್ನು ಅಲ್ಲೇ ಮರೆತು, ತಲೆ ಬಗ್ಗಿಸಿಕೊಂಡು ಹೊರಟುಹೋದರು. ಈಗ ನಮ್ಮೂರಿನಲ್ಲಿ ಮೊಲದ ಬೆನ್ನು ಸವರುವ ಮೊದಲು ಬಾಯಿ ಬಿಡಿಸಿ ನೋಡುತ್ತಾರೆ. ಎಲ್ಲರಿಗಿಂತ ಮೊದಲು ಕರಿಬಸಯ್ಯನವರೇ ನೋಡುತ್ತಾರೆ.

ಬತ್ತಾಸು ಹುಲ್ಲು ತಿನ್ನಲು ಕಲಿಯಿತು. ವಾರದಲ್ಲಿ ಮೈ ಹತ್ತಿತು, ನಾತ ಪೂರ್ತಿ ಹೋಯಿತು. ಮಿಷನ್ ಸದ್ದಾದರೆ ಕಾಲ ಮೇಲೆ ಬಂದು ಮಲಗುವುದೂ ಶುರುವಾಯಿತು. ಡೇವಿಡ್‌ಗೆ ಈಗ ನಾನೇ ಬೇರೆ ಡಬ್ಬಿ ಕಟ್ಟುತ್ತೇನೆ. ಎಲ್ಲ ಸರಿಹೋಯಿತು, ಒಂದು ಬಿಟ್ಟು. ಅತ್ತೆಗೆ ತಲೆ ಬಾಚುವಾಗ ನನ್ನ ಬಾಯಿಗೆ ಬೀಗ ಬಿದ್ದಿತ್ತು. ಕೇಳುತ್ತದೆ ಎಂದು ಗೊತ್ತಾದ ಮೇಲೆ ಏನು ಮಾತಾಡಲಿ? ಕ್ಷಮಿಸಿ ಅನ್ನಲು ಹೋದರೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಎಣ್ಣೆ ಹಚ್ಚುತ್ತಿದ್ದೆ, ಸಿಕ್ಕು ಬಿಡಿಸುತ್ತಿದ್ದೆ, ತುರುಬು ಕಟ್ಟಿ ಏಳುತ್ತಿದ್ದೆ.

ಹೀಗೆ ಹದಿನೈದು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಬತ್ತಾಸನ್ನು ಎತ್ತಿಕೊಂಡರೆ ಮೂಗಿಗೆ ಸೀದ ಹಾಲಿನ ವಾಸನೆ ಬಡಿಯಿತು. ಬಾಯಿ ಬಿಡಿಸಿ ನೋಡಿದೆ, ಹಲ್ಲು ಸರಿಯಾಗಿತ್ತು. ಒಲೆಯ ಮೇಲೆ ಹಾಲಿರಲಿಲ್ಲ. ಆರು ವರ್ಷ ಅದರ ಮೈ ಯಾಕೆ ಅಷ್ಟು ಸ್ವಚ್ಛವಾಗಿತ್ತು ಎಂಬುದು ಆಗ ನನಗೆ ತಿಳಿಯಿತು. ದಿನಾ ಬೆಳಿಗ್ಗೆ ತಲೆ ಬಾಚುತ್ತ ಒಳಗಿದ್ದದ್ದನ್ನೆಲ್ಲ ಆಡಿ ಮುಗಿಸುತ್ತಿದ್ದೆನಲ್ಲ. ಮೊಲವನ್ನು ಹಿಡಿದುಕೊಂಡು ನಡುಮನೆಯಲ್ಲಿ ನಿಂತೇ ಇದ್ದೆ. ಅತ್ತೆ ನನ್ನನ್ನೂ ನೋಡಿದರು, ಮೊಲವನ್ನೂ ನೋಡಿದರು. ಮೂಸಬೇಕಾಗಿರಲಿಲ್ಲ. ಬಾಚಣಿಗೆ, ಎಣ್ಣೆ ಗಿಂಡಿ ತಂದು ನನ್ನ ಮುಂದಿಟ್ಟು, ಬೆನ್ನು ಮಾಡಿ ಕೂತು, ತುರುಬು ಬಿಚ್ಚಿಕೊಂಡರು.

"ಸುಭದ್ರಾ," ಎಂದರು, "ಬೆಳಿಗ್ಗೆಯಿಂದ ನಂಗೆ ಕಿವಿ ಕೇಳ್ತಿಲ್ಲ ಕಣೇ."

ನಾನು ಕೂತೆ. ಎಣ್ಣೆ ಕೈಗೆ ಹಾಕಿಕೊಂಡೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ, ಮೊದಲು ಅವರನ್ನೇ ಬೈಯತೊಡಗಿದೆ.